ಸತ್ತವಳ ಸೀರೆ

ಆದೆಮ್ಮನ ತಲೆದಿಂಬಿನ ಸುತ್ತ ನೊಣಗಳು ಸತ್ತು ಬಿದ್ದಿದ್ದವು.

ಲೇಬರ್ ಇನ್ಸ್‌ಪೆಕ್ಟರ್ ಅಂಬಪ್ಪ ಮೊದಲು ಅವನ್ನು ಚೆಲ್ಲಿದ ಕರಿಜೀರಿಗೆ ಎಂದುಕೊಂಡ. ಬಗ್ಗಿ ನೋಡಿದ. ಎಲ್ಲವೂ ಕಾಲು ಮೇಲೆ ಮಾಡಿ ಬಿದ್ದಿದ್ದವು. ಒಂದು ಮಾತ್ರ ಇನ್ನೂ ಬೆನ್ನ ಮೇಲೆ ಗಿರಗಿರ ಸುತ್ತುತ್ತಿತ್ತು.

ಮುದುಕಿಯ ಬಾಯಿಂದ ಜೊಲ್ಲು ಇಳಿಯುವುದು ನಿಂತಿರಲಿಲ್ಲ. ಕಾಂಪೌಂಡರ್ ಶೇಕ್ಷಾವಲಿ ಒರೆಸಿದ, ಅರಿವೆಯನ್ನು ಮಂಚದ ಕೆಳಗಿನ ಬುಟ್ಟಿಗೆ ಹಾಕಿದ, ಹಳೆಯ ಧೋತರದಿಂದ ಇನ್ನೊಂದು ತುಂಡು ಹರಿದ. ಬುಟ್ಟಿ ಆಗಲೇ ಅರ್ಧ ತುಂಬಿತ್ತು.

"ಕಾಲರಾ ಅಂತ ತಂದ್ರು," ಎಂದ ಶೇಕ್ಷಾವಲಿ. "ವಾಂತಿನೂ ಐತಿ, ಭೇದಿನೂ ಐತಿ. ಆದರ ಕಾಲರಾದವರ ಬಾಯಿ ಒಣಗತೈತಿ ಸಾಹೇಬ್ರ. ಇದು ನೋಡ್ರಿ, ಕಾಲುವಿ ತೂಬು ತೆಗದಂಗ ಹರಿಯಾಕತ್ತೈತಿ."

ಅವನು ಮುದುಕಿಯ ರೆಪ್ಪೆ ಎತ್ತಿ ತೋರಿಸಿದ. ವಾರ್ಡಿಗೆ ಇದ್ದದ್ದು ಒಂದೇ ಕಿಟಕಿ, ನಡುಹಗಲಲ್ಲೂ ಮಬ್ಬು. ಮಬ್ಬಿನಲ್ಲಿ ಕಣ್ಣಪಾಪೆ ಅರಳಬೇಕು. ಇವಳದು ಗಸಗಸೆ ಕಾಳಿನಷ್ಟಕ್ಕೆ ಮುದುಡಿಕೊಂಡಿತ್ತು.

"ಹತ್ತಿ ಹೊಲಕ್ಕ ಔಷಧ ಹೊಡಿಯಾವ್ರ ಕಣ್ಣು ಹಿಂಗ ಇರತಾವ. ಅದಕ್ಕ ಡಾಕ್ಟರ್ ಸಾಹೇಬ್ರು ಸೂಜಿ ಮಾಡ್ಯಾರ, ಉಳೀಬಹುದು. ಆದರ ಈ ಮುದುಕಿ ಹೊಲಕ್ಕ ಹೋಗಿ ಹತ್ತು ವರ್ಷ ಆತಂತ."

"ಮತ್ತ ಏನ್ ಮಾಡತಾಳ?"

"ಹೆಣ ತೊಳೀತಾಳ."

ಅಂಬಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಅವನು ಬಂದದ್ದು ಆ ಕಾರಣಕ್ಕೇ. ಬಳಗಾನೂರಿನ ಹಾದಿಯಲ್ಲಿರುವ ಆ ಸಣ್ಣ ಹಟ್ಟಿಯಲ್ಲಿ ಹೆಂಗಸರು ಸತ್ತರೆ ಎರೆಯುವವಳು ಆದೆಮ್ಮ ಒಬ್ಬಳೇ. ಅವಳು ಕೊನೆಯದಾಗಿ ಎರೆದದ್ದು ಹೊನ್ನೂರಮ್ಮನನ್ನು.

ಹೊನ್ನೂರಮ್ಮ ಮಸ್ಕಿ ರಸ್ತೆಯ ಔಷಧ ಗೋದಾಮಿನಲ್ಲಿ ಕೀಟನಾಶಕ ಪುಡಿ ಬೆರೆಸುತ್ತಿದ್ದಳು. ಒಂದು ತಿಂಗಳ ಹಿಂದೆ ಕೆಲಸದ ಜಾಗದಲ್ಲೇ ಬಿದ್ದು ಸತ್ತಳು. ಔಷಧ ಕುಡಿದಳು ಎಂದು ಗೋದಾಮಿನ ಮ್ಯಾನೇಜರ್ ಹೇಳಿದ. ಊರ ಪೊಲೀಸ್ ಪಾಟೀಲ ಹೇಳಿದ್ದನ್ನೇ ಬರೆದ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿದರು.

ನಾಳೆ ಗುರುವಾರ ಲಿಂಗಸುಗೂರಿನಲ್ಲಿ ಪರಿಹಾರ ಕಮಿಷನರ ಮುಂದೆ ವಿಚಾರಣೆ. ಹೊನ್ನೂರಮ್ಮ ತಾನೇ ಕುಡಿದು ಸತ್ತಳು ಎಂದು ನಿಂತರೆ ಅವಳ ತಾಯಿ ಪಕೀರಮ್ಮನ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಅದೇ ಪುಡಿಯಲ್ಲಿ ಇವತ್ತಿಗೂ ಕೈಯಾಡಿಸುತ್ತಿರುವ ಎಂಟು ಹೆಂಗಸರ ಕಡೆ ಯಾವ ಕಾಯ್ದೆಯೂ ತಿರುಗಿ ನೋಡುವುದಿಲ್ಲ. ಆ ಎಂಟು ಮಂದಿಯಲ್ಲಿ ಒಬ್ಬಳು ಪಕೀರಮ್ಮನ ಉಳಿದಿರುವ ಒಬ್ಬಳೇ ಮಗಳು, ಕನಕಮ್ಮ.

"ಆದೆಮ್ಮಾ," ಎಂದ ಅಂಬಪ್ಪ. "ಹೊನ್ನೂರಮ್ಮಗ ಎರಿಯೋವಾಗ ಬಾಯಿ ವಾಸನಿ ಬರತಿತ್ತೇನು?"

ಮುದುಕಿ ಕಣ್ಣು ತೆರೆಯಲಿಲ್ಲ. ನಾಲಿಗೆ ದಪ್ಪಗಾಗಿತ್ತು.

"ಬಾಯಾಗ ಏನೂ ಇರಲಿಲ್ರೀ. ನಾನ ಬಾಯಿ ತೆಗದು ಎಲಿ ಅಡಿಕಿ ಇಟ್ಟೀನಿ. ಬಾಯಿ ಸ್ವಚ್ಛ ಇತ್ತು."

"ಮತ್ತ ವಾಸನಿ ಎಲ್ಲಿದು?"

"ತಲಿಗೂದಲದ್ದು. ಕಂಕಳದ್ದು. ಕೈದು. ಕೊಳತ ಬೆಳ್ಳುಳ್ಳಿ ಇದ್ದಂಗ. ಮೂರು ಸಲ ಸೀಗಿಕಾಯಿ ಹಾಕಿ ತಿಕ್ಕೀನಿ, ಹೋಗಲಿಲ್ಲ. ಮೈಯೆಲ್ಲಾ ಎಣ್ಣಿ ಎಣ್ಣಿ." ಅವಳು ಉಸಿರು ಎಳೆದುಕೊಂಡಳು. ಎದೆಯೊಳಗೆ ನೀರು ಗೊರಗೊರ ಅಂದಿತು. "ಎರಡೂ ಹೆಬ್ಬೆಟ್ಟಿಗೆ ಅರಿವಿ ಕಟಗೊಂಡಿದ್ಲು. ಬಿಚ್ಚಿದ್ನಿ. ಅರಿವಿ ಕೂಡ ತೊಗಲೂ ಬಂತು. ಒಳಗ ನೆನಸಿದ ಶೇಂಗಾ ಸುಲದಂಗ, ನುಣ್ಣಗ, ಬೆಳ್ಳಗ."

ಶೇಕ್ಷಾವಲಿ ಮುಖ ಆಚೆ ತಿರುಗಿಸಿದ. ಅವನು ಹದಿನಾಲ್ಕು ವರ್ಷ ಕೀವು ರಕ್ತ ನೋಡಿದವನು.

"ಅವತ್ತ ಎರಡು ದಿನ ತಲಿ ತಿರಗತು ನನಗ," ಎಂದಳು ಆದೆಮ್ಮ. "ಹೆಣದ ದೃಷ್ಟಿ ಅಂದ್ರು. ಆರಾಮಾತು. ಮತ್ತ ಈ ಐತಾರ ದಿನ ಸೀರಿ ಉಟ್ಟ ಮ್ಯಾಲ..."

"ಯಾವ ಸೀರಿ?"

ಆದೆಮ್ಮ ತಲೆಯನ್ನು ಸ್ವಲ್ಪ ಹೊರಳಿಸಿದಳು, ಅಷ್ಟೇ. ಅಂಬಪ್ಪ ಅವಳ ತಲೆಯ ಕೆಳಗೆ ನೋಡಿದ. ಅದು ದಿಂಬಲ್ಲ. ಸುತ್ತಿ ಇಟ್ಟ ಒಂದು ಹಸಿರು ಸೀರೆ.

ಶೇಕ್ಷಾವಲಿ ಮುದುಕಿಯ ತಲೆ ಎತ್ತಿ ಹಿಡಿದ. ಅಂಬಪ್ಪ ಕಿಟಕಿಯ ಕೋಲಿನಿಂದ ಸೀರೆಯನ್ನು ಎಳೆದು ನೆಲಕ್ಕೆ ಹಾಕಿ ಬಿಚ್ಚಿದ. ಬೆಳ್ಳುಳ್ಳಿ ಕೊಳೆತ ವಾಸನೆ ಗಪ್ಪೆಂದು ಎದ್ದು ಗಂಟಲಿಗೆ ಅಂಟಿತು. ಸೆರಗಿನ ಮೇಲೆ, ಸೊಂಟದ ಹತ್ತಿರ, ಬೂದು ಬಣ್ಣದ ದಪ್ಪ ಕಲೆಗಳು. ಕೈ ಒರೆಸಿಕೊಂಡ ಕಲೆಗಳು. ಒಂದೆರಡು ಕಡೆ ಐದು ಬೆರಳೂ ಕಾಣುತ್ತಿದ್ದವು. ಕೋಲಿನಿಂದ ಕೆರೆದ. ಎಣ್ಣೆಯ ಜಿಡ್ಡು ಬಟ್ಟೆಯೊಳಗೆ ಇಳಿದಿತ್ತು, ಅದರ ಮೇಲೆ ಪುಡಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

ಒಂದು ನೊಣ ಬಂದು ಕಲೆಯ ಮೇಲೆ ಕೂತಿತು. ಮತ್ತೆ ಏಳಲಿಲ್ಲ.

"ಇದು ನಮ್ಮ ಹಟ್ಟಿ ದಸ್ತೂರ," ಎಂದಳು ಆದೆಮ್ಮ, ತಪ್ಪು ಒಪ್ಪಿಕೊಳ್ಳುವವಳ ದನಿಯಲ್ಲಿ. "ಸತ್ತಾಕಿ ಮೈಮ್ಯಾಲಿನ ಅರಿವಿ ಒಗಿಯಂಗಿಲ್ಲ. ಗಂಟು ಕಟ್ಟಿ ಮನಿ ಹೊರಗ ಇಡತೀವಿ. ತಿಂಗಳ ದಿನ ಮಾಡಿದ ಮ್ಯಾಲ ಎರದಾಕಿಗೆ ಕೊಡತಾರ. ಪಕೀರಮ್ಮ ಐತಾರ ಕೊಟ್ಲು. ಎಲ್ಲೂ ಹರದಿರಲಿಲ್ಲ. ಸೊಸಿ ಕೇಳಿದ್ಲು, ಕೊಡಲಿಲ್ಲ ನಾ. ನಾನ ಉಟ್ಟೆ."

"ಸೊಸಿ ಬದುಕಿದ್ಲು," ಎಂದ ಶೇಕ್ಷಾವಲಿ.

ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿದ್ದಲ್ಲ.

ಕುಡಿದು ಸತ್ತವಳ ಬಾಯಿ ಸ್ವಚ್ಛವಾಗಿತ್ತು. ಅವಳ ಬಟ್ಟೆ ತಿಂಗಳ ಮೇಲೆ ಇನ್ನೊಬ್ಬಳನ್ನು ಮಲಗಿಸಿತ್ತು. ಗೋದಾಮಿನವರು ಬೇಕಾದ್ದನ್ನೆಲ್ಲ ತೊಳೆದಿದ್ದರು, ಗುಡಿಸಿದ್ದರು, ಬರೆಸಿದ್ದರು. ಆದರೆ ಒಂದು ಹಟ್ಟಿಯ ಹೆಂಗಸರು ಒಗೆಯದೆ ಗಂಟು ಕಟ್ಟಿಟ್ಟದ್ದು ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಅಂಬಪ್ಪ ಕೋಲಿನಿಂದಲೇ ಸೀರೆಯನ್ನು ಮಡಚಿ, ಶೇಕ್ಷಾವಲಿ ಕೊಟ್ಟ ಮುಚ್ಚಳದ ಡಬ್ಬಿಗೆ ಇಳಿಸಿದ. ಆಮೇಲೆ ಇಬ್ಬರೂ ಹೊರಗೆ ನಳದ ಹತ್ತಿರ ನಿಂತು ಸಾಬೂನು ಹಚ್ಚಿ ಕೈ ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದರು.

*

ಗೋದಾಮು ಊರ ಹೊರಗೆ, ಕಾಲುವೆಯ ದಂಡೆಗಿತ್ತು. ಮೊದಲು ಜೋಳ ತುಂಬುತ್ತಿದ್ದ ತಗಡಿನ ಕಟ್ಟಡ. ನೀರು ಬಂದ ಮೇಲೆ ಜೋಳ ಹೋಗಿ ಭತ್ತ ಬಂತು, ಹತ್ತಿ ಬಂತು, ಹುಳ ಬಂತು, ಹುಳದ ಹಿಂದೆ ಈ ಔಷಧ ಬಂತು. ಪೀಪಾಯಿಯಲ್ಲಿ ಬರುವ ಕಡುವಿಷವನ್ನು ಕಲ್ಲಿನ ಪುಡಿಯಲ್ಲಿ ಬೆರೆಸಿ, ಚೀಲಕ್ಕೆ ತುಂಬಿ, ಬಾಯಿ ಹೊಲಿದು ಅಂಗಡಿಗಳಿಗೆ ಕಳಿಸುತ್ತಿದ್ದರು. ಬೆರೆಸುವುದು ಕೈಯಲ್ಲಿ.

ಅಂಬಪ್ಪ ಬಂದಾಗ ಊಟದ ಬಿಡುವು ಮುಗಿದಿತ್ತು. ಹೆಂಗಸರು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ರೆಪ್ಪೆಗೂದಲಿನವರೆಗೆ ಬಿಳಿ, ಯಾರ ವಯಸ್ಸು ಎಷ್ಟೆಂದು ಹೇಳುವ ಹಾಗಿರಲಿಲ್ಲ. ಒಳಗೆ ಪುಡಿಯ ರಾಶಿಯ ಮೇಲ್ಗಡೆ ಗೋಡೆಯ ಮೊಳೆಗಳಿಗೆ ಅವರ ರೊಟ್ಟಿ ಗಂಟುಗಳು ತೂಗುತ್ತಿದ್ದವು. ಖಾಲಿಯಾದ ಗಂಟಿನ ಬಟ್ಟೆಯಿಂದ ಒಬ್ಬಳು ಬಾಯಿ ಒರೆಸಿಕೊಂಡಳು.

ಬಾಗಿಲ ಪಕ್ಕ ಒಂದು ಎಣ್ಣೆ ಡಬ್ಬಿ. ಒಬ್ಬೊಬ್ಬರೇ ಬಗ್ಗಿ, ಬೊಗಸೆಯಲ್ಲಿ ಕುಸುಬಿ ಎಣ್ಣೆ ತೆಗೆದುಕೊಂಡು ಕೈಗೆ, ತೋಳಿಗೆ, ಕೊರಳಿಗೆ ಬಳಿದುಕೊಂಡು ಒಳಗೆ ಹೋಗುತ್ತಿದ್ದರು.

"ಇದು ಯಾಕ?" ಎಂದು ಅವನು ಹಸೀನಾಬಿಯನ್ನು ಕೇಳಿದ. ಅವಳು ಅವರಲ್ಲೆಲ್ಲ ಹಿರಿಯಳು; ಹೊನ್ನೂರಮ್ಮನ ಜೋಡಿ ಒಂದೇ ರಾಶಿಯಲ್ಲಿ ಬೆರೆಸಿದವಳು.

"ಮೆಣಸಿನಕಾಯಿ ಕುಟ್ಟೋಕ್ಕಿಂತ ಮುಂಚೆ ಕೈಗೆ ಎಣ್ಣಿ ಹಚ್ಚಂಗಿಲ್ಲೇನ್ರೀ? ನಿಮ್ಮವ್ವ ಹಚ್ಚಿರಬೇಕಲ್ಲ. ಹಂಗ ಇದೂ. ಉರಿಯಂಗಿಲ್ಲ."

ಅವನ ಅವ್ವ ಹಚ್ಚುತ್ತಿದ್ದಳು. ಮಸ್ಕಿಯ ಸಂತೆಗೆ ಖಾರ ಕುಟ್ಟಿ ಒಯ್ಯುತ್ತಿದ್ದ ಎಲ್ಲ ಹೆಂಗಸರೂ ಹಚ್ಚುತ್ತಿದ್ದರು. ಮೆಣಸಿನಕಾಯಿಯ ಉರಿಯನ್ನು ಎಣ್ಣೆ ಹೊರಗೇ ತಡೆಯುತ್ತದೆ. ಆದರೆ ಹೋದ ವಾರ ರಾಯಚೂರಿನಲ್ಲಿ ಒಬ್ಬ ರಸಾಯನದ ಮೇಷ್ಟ್ರು ಅವನಿಗೆ ವಿವರವಾಗಿ ಹೇಳಿದ್ದರು: ಈ ವಿಷ ನೀರಿನಲ್ಲಿ ಕರಗುವುದು ಕಡಿಮೆ, ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ, ಎಣ್ಣೆಯ ಜೊತೆ ಚರ್ಮದೊಳಗೆ ಇಳಿಯುತ್ತದೆ. ಆಗ ಅದು ಅವನಿಗೆ ಪುಸ್ತಕದ ಮಾತಾಗಿ ಕೇಳಿತ್ತು.

"ಎಣ್ಣಿ ಯಾರು ತರತೀರಿ?"

"ಮೊದಲು ಮನಿಯಿಂದ ತರತಿದ್ವಿ. ಈಗ ಆರು ತಿಂಗಳಾತು, ಮ್ಯಾನೇಜರ್ ಸಾಹೇಬ್ರ ತರಸ್ತಾರ. ಉರಿ ಉರಿ ಅಂತ ಒದರತಿದ್ವಲ್ರೀ, ಕೆಲಸ ನಿಲ್ಲತಿತ್ತು. ಈಗ ಯಾರೂ ಒದರಂಗಿಲ್ಲ." ಅವಳು ಸ್ವಲ್ಪ ತಡೆದು ಹೇಳಿದಳು, "ಎಣ್ಣಿ ವಿಷಯದಾಗ ಮಾತ್ರ ಪುಣ್ಯಾತ್ಮ ಅಂವ."

ಮೂಲೆಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ ಕನಕಮ್ಮ ತಲೆ ಎತ್ತಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ. ಬೆಳಿಗ್ಗೆಯಷ್ಟೇ ಹಟ್ಟಿಯ ಬೇವಿನ ಕೆಳಗೆ ಕೂತು ಅಂಬಪ್ಪನಿಗೆ ಹೇಳಿಕೆ ಕೊಟ್ಟಿದ್ದಳು: ಅಕ್ಕ ಕುಡಿಯಲಿಲ್ಲ, ಕೆಲಸ ಮಾಡುತ್ತಲೇ ಬಿದ್ದಳು. ಹೆಬ್ಬೆಟ್ಟು ಒತ್ತಲು ತಡಮಾಡಿದ್ದಳು. ಒತ್ತಿದ ಮೇಲೆ, ನಾಳೆ ಲಿಂಗಸುಗೂರಿಗೆ ಬರಲೇಬೇಕಾ ಎಂದು ಎರಡು ಸಲ ಕೇಳಿದ್ದಳು. ಹೆದರಿಕೆ ಎಂದುಕೊಂಡಿದ್ದ ಅವನು.

*

ಮ್ಯಾನೇಜರ್ ಪಂಪಣ್ಣನ ಕೋಣೆ ಗೋದಾಮಿನ ಪಡುವಣ ತುದಿಗೆ, ಗಾಳಿ ಬರುವ ದಿಕ್ಕಿಗೆ ಇತ್ತು. ಕಿಟಕಿಯಲ್ಲಿ ಕೆಂಪು ಕಾರ್ಬಾಲಿಕ್ ಸಾಬೂನು, ಪಕ್ಕದಲ್ಲಿ ಹಿತ್ತಾಳೆಯ ಹೂಜಿ. ಅಂಗಳದಲ್ಲಿ ನೆರಳಿಗೆ ಜೀಪು ನಿಂತಿತ್ತು.

"ಬರ್ರಿ ಇನ್ಸ್‌ಪೆಕ್ಟರ್ ಸಾಹೇಬ್ರ. ಬಿಸಿಲಾಗ ನಡಕೋತ ಬಂದೀರಲ್ಲ, ಸರಕಾರ ನಿಮಗ ಒಂದು ಸೈಕಲ್ಲೂ ಕೊಟ್ಟಿಲ್ಲೇನು?" ಪಂಪಣ್ಣ ತುಂಬು ಮೈಯ, ನಗುಮುಖದ ಮನುಷ್ಯ. ಇಸ್ತ್ರಿಯ ಬಿಳಿ ಅಂಗಿ. ಉಗುರುಗಳನ್ನು ಬುಡದವರೆಗೆ ಕತ್ತರಿಸಿದ್ದ.

ಎದುರಿನ ಹೋಟೆಲಿನಿಂದ ಚಹಾ ಬಂತು. ತಟ್ಟೆ ಅಂಬಪ್ಪನ ಕಡೆಗಿತ್ತು. ಅವನು ಒಂದು ಗ್ಲಾಸು ಎತ್ತಿ ಕೊಟ್ಟ, ಪಂಪಣ್ಣ ಅವನ ಬೆರಳು ತಾಗುವಂತೆಯೇ ಇಸಿದುಕೊಂಡು ಸೊರ್ರನೆ ಕುಡಿದ.

ಅಷ್ಟರಲ್ಲಿ ಪಾರ್ವತೆಮ್ಮ ಉಗ್ರಾಣದ ಕೀಲಿ ತಂದಳು. ಅವಳೂ ಬೆರೆಸುವವಳೇ, ಪಂಪಣ್ಣನ ಜಾತಿಯವಳು, ದೂರದ ನಂಟೂ ಹೌದು.

"ಇಟ್ಟಿಗಿ ಮ್ಯಾಲ ಇಡು," ಎಂದ ಪಂಪಣ್ಣ.

ಹೊಸ್ತಿಲ ಹೊರಗೆ ಒಂದು ಇಟ್ಟಿಗೆ ಇತ್ತು. ಅವಳು ಕೀಲಿಯನ್ನು ಅದರ ಮೇಲೆ ಇಟ್ಟು ಹಿಂದೆ ಸರಿದಳು. ಅವಳು ಹೋದ ಮೇಲೆ ಪಂಪಣ್ಣ ಹಳೆಯ ಪತ್ರಿಕೆಯ ತುಂಡಿನಲ್ಲಿ ಕೀಲಿ ಹಿಡಿದು ತಂದು, ಪತ್ರಿಕೆಯನ್ನು ಎಸೆದು, ಹೂಜಿಯ ನೀರು ಬಗ್ಗಿಸಿಕೊಂಡು ಸಾಬೂನಿನಲ್ಲಿ ಕೈ ತೊಳೆದ.

ಅಂಬಪ್ಪ ಚಹಾದ ಗ್ಲಾಸು ಕೆಳಗಿಟ್ಟ.

ಈ ದೂರ ಅವನಿಗೆ ಗೊತ್ತಿತ್ತು. ಹುಟ್ಟಿದಂದಿನಿಂದ ಗೊತ್ತಿತ್ತು. ಅವನ ಅಪ್ಪ ಮನೆಯ ಗೋಡೆಗೆ ಬುದ್ಧನ ಪಟ ತೂಗುಹಾಕಿದ ಮೇಲೂ ಊರ ಹೋಟೆಲಿನವನು ಅಪ್ಪನಿಗೆ ಕಾಸನ್ನು ಕಲ್ಲಿನ ಮೇಲೆ ಇಡಲು ಹೇಳುತ್ತಿದ್ದ. ಆದರೆ ಈ ಮನುಷ್ಯ ಅಂಬಪ್ಪನ ಕೈಯಿಂದ ಚಹಾ ಕುಡಿದ. ಸ್ವಂತ ಜಾತಿಯ ನಂಟರವಳ ಕೈಯಿಂದ ಕೀಲಿ ತೆಗೆದುಕೊಳ್ಳಲಿಲ್ಲ. ಇದು ಜಾತಿಯ ದೂರ ಅಲ್ಲ. ಆ ಪುಡಿ ಮುಟ್ಟಿದವರ ಮೈಯಲ್ಲಿ ಏನಿದೆ ಎಂದು ತಿಳಿದವನ ದೂರ.

"ನಿಮ್ಮ ಲಿಖಿತ ಜವಾಬು ಓದಿದೆ," ಎಂದ ಅಂಬಪ್ಪ. "ಈ ಪುಡಿ ಮೈಗೆ ಹತ್ತಿದ್ರ ಏನೂ ಆಗಂಗಿಲ್ಲ ಅಂತ ಬರದೀರಿ."

"ಹೌದ್ರಿ. ಹೊಟ್ಟಿಗೆ ಹೋದ್ರ ವಿಷ. ಹೊರಗಿಂದ ಏನ್ ಮಾಡತೈತಿ? ತೊಳಕೊಂಡ್ರ ಹೋತು."

"ಗ್ಯಾರಂಟಿ?"

"ಬಿಲ್ಕುಲ್."

ಅಂಬಪ್ಪ ಎದ್ದು ಹೊರಗೆ ಹೋಗಿ ಎಣ್ಣೆ ಡಬ್ಬಿ ಎತ್ತಿಕೊಂಡು ಬಂದ. ಅವನ ಹಿಂದೆ ಹಸೀನಾಬಿ ಬಂದಳು, ಪಾರ್ವತೆಮ್ಮ ಬಂದಳು. ಉಳಿದವರೂ ಬಂದು ಹೊಸ್ತಿಲ ಹೊರಗೆ, ಆ ಇಟ್ಟಿಗೆಯ ಆಚೆ ನಿಂತರು. ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟ. ತನ್ನ ಹೆಗಲ ಚೀಲದಿಂದ ಇನ್ನೊಂದು ಡಬ್ಬಿ ತೆಗೆದು ಅದರ ಪಕ್ಕ ಇಟ್ಟು ಮುಚ್ಚಳ ಬಿಚ್ಚಿದ.

ವಾಸನೆ ಕೋಣೆಯನ್ನೆಲ್ಲ ತುಂಬಿತು.

"ಇದೇನ್ರೀ?" ಪಂಪಣ್ಣನ ಕುರ್ಚಿ ಒಂದು ಗೇಣು ಹಿಂದೆ ಸರಿದಿತ್ತು.

"ಸೀರಿ. ಹೊನ್ನೂರಮ್ಮ ಬಿದ್ದ ದಿನ ಉಟ್ಟಿದ್ದು. ಒಗದಿಲ್ಲ." ಅಂಬಪ್ಪನ ದನಿ ಏರಲಿಲ್ಲ. "ನೀವು ಕೈಗೆ ಈ ಎಣ್ಣಿ ಹಚಗೋರಿ. ಮೊಣಕೈತನಕ, ಇವರು ಹಚ್ಚಿಕೊಂಡಂಗ. ಆಮ್ಯಾಲ ಈ ಸೀರಿ ಹೊರಗ ತೆಗದು ನೀಟಾಗಿ ಮಡಚಿ ಕೊಡ್ರಿ. ಅಷ್ಟ. ಮೈಗೆ ಏನೂ ಆಗಂಗಿಲ್ಲ ಅಂತ ನಾಳೆ ನಾನ ಕಮಿಷನರ್ ಸಾಹೇಬ್ರ ಮುಂದ ಹೇಳತೀನಿ."

"ಚೇಷ್ಟಿ ಮಾಡತೀರೇನು?"

"ಇಲ್ರೀ. ಇಷ್ಟು ಮಂದಿ ದಿನಾ ಮಾಡತಾರಲ್ಲ, ನೀವು ಒಂದ ಸಲ ಮಾಡ್ರಿ."

ಪಂಪಣ್ಣ ನಕ್ಕ. ನಗು ಅರ್ಧಕ್ಕೆ ನಿಂತಿತು. ಅಂಬಪ್ಪ ಸೀರೆಯ ಡಬ್ಬಿಯನ್ನು ಅವನ ಕಡೆಗೆ ಒಂದಿಷ್ಟು ನೂಕಿದ, ಸೀರೆಯ ಅಂಚು ಹೊರಗೆ ಇಣುಕಿತು. ಪಂಪಣ್ಣ ತಟ್ಟನೆ ಎದ್ದ. ಕುರ್ಚಿ ಹಿಂದೆ ಬಿತ್ತು. ಬೆನ್ನು ಗೋಡೆಗೆ ತಾಗುವವರೆಗೂ ಸರಿದ. ಎರಡೂ ಕೈಗಳು ತಾವಾಗಿಯೇ ಅಂಗಿಯ ಬೆನ್ನ ಹಿಂದೆ ಹೋಗಿದ್ದವು.

"ಮುಚ್ಚಳ ಹಾಕ್ರಿ," ಎಂದ. "ಮೊದಲ ಮುಚ್ಚಳ ಹಾಕ್ರಿ ಅದಕ್ಕ."

ಹೊಸ್ತಿಲಲ್ಲಿ ಹಸೀನಾಬಿ ಎಣ್ಣೆಯಿಂದ ಮಿರುಗುವ ತನ್ನ ತೋಳುಗಳನ್ನು ನೋಡಿಕೊಂಡಳು, ಬೇರೆ ಯಾರದೋ ತೋಳು ಎಂಬ ಹಾಗೆ. ಆಮೇಲೆ ಸೆರಗಿನಿಂದ ಒರೆಸಲು ಶುರುಮಾಡಿದಳು. ಒರೆಸುತ್ತ ಒರೆಸುತ್ತ ಅವಳಿಗೆ ಸೆರಗಿಗೂ ಅದೇ ಪುಡಿ ಹತ್ತಿದೆಯೆಂದು ಹೊಳೆಯಿತು. ಕೈಬಿಟ್ಟಳು. ಎಲ್ಲಿ ಒರೆಸಬೇಕೆಂದು ತಿಳಿಯದೆ ತೋಳುಗಳನ್ನು ಮೈಯಿಂದ ದೂರ ಹಿಡಿದು ನಿಂತಳು.

"ನಮ್ಮ ಕೈಲೆ ಹಚ್ಚಿಸಿದ್ರಲ್ರೀ," ಎಂದಳು. "ದಿನಾ ಮುಂಜಾನೆ ಡಬ್ಬಿ ತುಂಬಿಸಿ ಇಟ್ರಲ್ಲ. ನಾನು ನಿಮಗ ದುವಾ ಮಾಡತಿದ್ನಿ."

ಪಂಪಣ್ಣ ಅವಳ ಕಡೆ ನೋಡಲಿಲ್ಲ. ಅಂಬಪ್ಪ ಮುಚ್ಚಳ ಹಾಕಿದ ಮೇಲೆ ಕುರ್ಚಿ ಎತ್ತಿ ನಿಲ್ಲಿಸಿ, ಕೂತು, ಕರವಸ್ತ್ರದಿಂದ ಹಣೆ ಒರೆಸಿಕೊಂಡ. ಅವನ ಉಸಿರು ಮೆಲ್ಲಗೆ ಹದಕ್ಕೆ ಬಂತು. ಅದರ ಜೊತೆಗೇ ನಗುಮುಖವೂ ವಾಪಸು ಬಂತು. ಅದೇ ಅಂಬಪ್ಪನಿಗೆ ಎಲ್ಲಕ್ಕಿಂತ ಹೇಸಿಗೆ ಎನಿಸಿತು.

"ಛೊಲೋ ಆಟ ಆಡಿದ್ರಿ," ಎಂದ ಪಂಪಣ್ಣ. "ಆದರ ಕಾಯ್ದೆ ಸೀರಿ ಮೂಸಿ ನೋಡಂಗಿಲ್ಲ ಸಾಹೇಬ್ರ. ಕಾಗದ ನೋಡತೈತಿ."

ಅವನು ಮೇಜಿನ ಖಾನೆ ತೆರೆದು ಒಂದು ಮಡಚಿದ ಹಾಳೆ ತೆಗೆದ. ಮೇಜಿನ ಮೇಲೆ ಬಿಡಿಸಿ, ಎರಡೂ ಅಂಚುಗಳನ್ನು ತನ್ನ ಬೆರಳುಗಳಿಂದ ಒತ್ತಿ ಹಿಡಿದುಕೊಂಡ.

"ಓದ್ರಿ. ಮುಟ್ಟಬ್ಯಾಡ್ರಿ."

ನೀಲಿ ಶಾಯಿ, ದುಂಡನೆಯ ಅಕ್ಷರ. *ಹೊನ್ನೂರಮ್ಮ ಎಂಬ ನಾನು ಬಹು ದಿನಗಳ ಹೊಟ್ಟೆನೋವು ತಾಳಲಾರದೆ ಈ ದಿನ ಔಷಧ ಕುಡಿದಿರುತ್ತೇನೆ. ಇದಕ್ಕೆ ಗೋದಾಮಿನವರು ಯಾರೂ ಕಾರಣರಲ್ಲ.* ತಾರೀಖು ಅವಳು ಸತ್ತ ದಿನದ್ದು. ಕೆಳಗೆ ಹೆಬ್ಬೆಟ್ಟಿನ ಗುರುತು. ಸಾಕ್ಷಿಗೆ ಯಾರದೂ ಸಹಿ ಇರಲಿಲ್ಲ.

ಅಂಬಪ್ಪ ಓದಿದ. ಹೆಬ್ಬೆಟ್ಟನ್ನು ನೋಡಿದ. ಅವನ ಎದೆ ಹಗುರಾಯಿತು.

ಗುರುತು ಅಚ್ಚು ಹಾಕಿದಂತೆ ಬಿದ್ದಿತ್ತು. ಸುಳಿಯ ಒಂದೊಂದು ಗೆರೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ನೆನಸಿದ ಶೇಂಗಾ ಸುಲಿದ ಹಾಗೆ ತೊಗಲು ಕಿತ್ತುಬಂದ ಹೆಬ್ಬೆಟ್ಟಿನಲ್ಲಿ ಗೆರೆ ಎಲ್ಲಿಂದ ಬರಬೇಕು?

"ಇದು ಹೊನ್ನೂರಮ್ಮನ ಹೆಬ್ಬೆಟ್ಟಲ್ಲ," ಎಂದ.

"ಹೌದೇನು?"

"ಅಕಿ ಎರಡೂ ಹೆಬ್ಬೆಟ್ಟಿನಾಗ ತೊಗಲು ಇರಲಿಲ್ಲ. ನಿಮ್ಮ ಪುಡಿ ತಿಂದಿತ್ತು. ಎರದಾಕಿ ದವಾಖಾನ್ಯಾಗ ಬದುಕಿ ಅದಾಳ, ಹೇಳತಾಳ. ಈ ಕಾಗದ ಖೊಟ್ಟಿ. ನಾಳೆ ಇದನ್ನ ನೀವ ಕಮಿಷನರ ಮುಂದ ಇಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಇದೊಂದರಲ್ಲೇ ನೀವು ಜೇಲಿಗೆ ಹೋಗತೀರಿ."

ಪಂಪಣ್ಣ ಗಾಬರಿ ಬೀಳಬೇಕಿತ್ತು. ಬೀಳಲಿಲ್ಲ. ತಲೆ ಒಂದಿಷ್ಟು ಓರೆ ಮಾಡಿ, ಪಾಠ ಅರ್ಥವಾಗದ ಮಗುವನ್ನು ನೋಡುವ ಹಾಗೆ ನೋಡಿದ.

"ನಾ ಹೆಬ್ಬೆಟ್ಟು ಒತ್ತಿಲ್ಲಲ್ರೀ. ನನಗ ಸಹಿ ಬರತೈತಿ. ಒತ್ತಿದವರು ಯಾರೋ ಇರಬೇಕು, ಅವರು ಜೇಲಿಗೆ ಹೋಗಬೇಕಲ್ಲ. ಸತ್ತಾಕಿ ಹೆಸರಿಲೆ ಸುಳ್ಳು ಜವಾಬು ಕೊಟ್ಟವರು." ಅವನು ಹಾಳೆಯ ಮೇಲೆ ಬೆರಳನ್ನು ಸರಿಸಿ, ಗುರುತಿನ ಪಕ್ಕ ನಿಲ್ಲಿಸಿದ. "ಯಾರದು ಅಂತ ನೀವ ನೋಡಿ ಹೇಳ್ರಿ. ನಿಧಾನ ನೋಡ್ರಿ."

ಅಂಬಪ್ಪ ಬಗ್ಗಿದ.

ಸುಳಿಯ ನಡುವೆ, ಮೇಲಿನಿಂದ ಕೆಳಕ್ಕೆ, ಓರೆಯಾಗಿ ಒಂದು ಬಿಳಿ ಗೆರೆ. ಯಾವಾಗಲೋ ಹರಿದು ಮಾದ ಗಾಯದ ಗೆರೆ. ಕೆಳತುದಿಯಲ್ಲಿ ಅದು ಕವಲೊಡೆದು ಎರಡಾಗಿತ್ತು.

ಅದನ್ನು ಅವನು ಎಲ್ಲೋ ನೋಡಿದ್ದ. ಇವತ್ತೇ ನೋಡಿದ್ದ.

ಹೆಗಲ ಚೀಲ ಬಿಚ್ಚಿದ. ಬೆಳಿಗ್ಗೆ ಬೇವಿನ ಕೆಳಗೆ ಬರೆದುಕೊಂಡ ಹೇಳಿಕೆಯನ್ನು ತೆಗೆದ. ಮೇಜಿನ ಮೇಲೆ, ಆ ಹಾಳೆಯ ಪಕ್ಕದಲ್ಲಿ ಇಟ್ಟ. ಅದೇ ಸುಳಿ. ಅದೇ ಓರೆಗೆರೆ. ಅದೇ ಕವಲು. ಭತ್ತ ಕೊಯ್ಯುವಾಗ ಕುಡುಗೋಲು ಹರಿಯಿತು ಎಂದು ಅವಳೇ ಹೇಳಿದ್ದಳು, ಶಾಯಿ ಒರೆಸಿಕೊಳ್ಳುತ್ತ.

ಒಂದು ಹಾಳೆ ಅಕ್ಕ ಕುಡಿದಳು ಎನ್ನುತ್ತಿತ್ತು. ಇನ್ನೊಂದು ಅಕ್ಕ ಕುಡಿಯಲಿಲ್ಲ ಎನ್ನುತ್ತಿತ್ತು. ಎರಡಕ್ಕೂ ಒತ್ತಿದ್ದು ಒಂದೇ ಹೆಬ್ಬೆಟ್ಟು.

ಅವನು ತಲೆ ಎತ್ತಿದ. ಹೊಸ್ತಿಲ ಹೊರಗಿನ ಹೆಂಗಸರು ಅವನ ನೋಟ ಹೋದ ಕಡೆ ತಿರುಗಿ, ಗೊತ್ತಿಲ್ಲದೆಯೇ ಎರಡು ಭಾಗವಾಗಿ ಸರಿದರು. ಹಿಂದೆ ಕನಕಮ್ಮ ನಿಂತಿದ್ದಳು. ಚೀಲ ಹೊಲಿಯುವ ದಬ್ಬಳ ಇನ್ನೂ ಕೈಯಲ್ಲಿತ್ತು. ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದಳು.

"ಕನಕಮ್ಮಾ," ಎಂದ ಅಂಬಪ್ಪ. "ಇದನ್ನ ಯಾವಾಗ ಒತ್ತಿದಿ?"

ಅವಳು ಅವನನ್ನು ನೋಡಲಿಲ್ಲ. ಅಂಗಳದ ನೆರಳಲ್ಲಿ ನಿಂತ ಜೀಪನ್ನು ನೋಡುತ್ತಿದ್ದಳು.

"ಅಕ್ಕ ಅಲ್ಲೇ ರಾಶಿ ಮ್ಯಾಲ ಬಿದ್ದಿದ್ಲರೀ," ಎಂದಳು. "ಬಾಯಾಗ ಬುರುಗು ಬರಾಕತ್ತಿತ್ತು. ದವಾಖಾನಿಗೆ ಒಯ್ಯಾಕ ಜೀಪ್ ಕೊಡ್ರಿ ಅಂತ ಕಾಲು ಹಿಡಕೊಂಡ್ನಿ. ಮೊದಲ ಇದಕ್ಕ ಒತ್ತು, ಆಮ್ಯಾಲ ಜೀಪ್ ಅಂದ್ರು. ಏನ್ ಬರದಾರ ನನಗೇನು ಗೊತ್ತು? ಒತ್ತಿದ್ನಿ." ಅವಳ ದನಿಯಲ್ಲಿ ಅಳು ಇರಲಿಲ್ಲ. "ಅಕ್ಕ ಆಗ ಇನ್ನಾ ಉಸಿರಾಡಾಕತ್ತಿದ್ಲು."

"ಜೀಪ್?"

"ಕೀಲಿ ಸಿಗವಲ್ದು ಅಂದ್ರು."

ಹಸೀನಾಬಿ ಬಾಯಿ ಮುಚ್ಚಿಕೊಳ್ಳಲು ಕೈ ಎತ್ತಿದಳು. ಕೈಯಲ್ಲಿ ಎಣ್ಣೆ ಇರುವುದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದಳು.

ಪಂಪಣ್ಣ ಹಾಳೆಯನ್ನು ಮಡಿಕೆಯ ಗೆರೆಯ ಮೇಲೇ ಜೋಪಾನವಾಗಿ ಮಡಚಿ ಜೇಬಿಗೆ ಇಟ್ಟುಕೊಂಡ. ಎದ್ದು ಕಿಟಕಿಗೆ ಹೋಗಿ ಹೂಜಿ ಬಗ್ಗಿಸಿದ. ಕೈಗೆ ಸಾಬೂನು ಹಚ್ಚಿಕೊಳ್ಳುತ್ತ, ಬೆರಳು ಬೆರಳಿನ ಸಂದಿನಲ್ಲಿ ತಿಕ್ಕಿಕೊಳ್ಳುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದ.

"ಕೇಳಿದ್ರಲ್ಲ ಸಾಹೇಬ್ರ, ತನ್ನ ಬಾಯಿಲೆ ಒಪ್ಪಿಕೊಂಡ್ಲು. ಏಳು ಮಂದಿ ಸಾಕ್ಷಿ ನಿಂತಾರ. ಕಾಗದ ಖರೆ ಅಂದ್ರ ನಿಮ್ಮ ಕೇಸು ಹೋತು. ಖೊಟ್ಟಿ ಅಂದ್ರ ಆ ಮುದುಕಿ ಪಕೀರಮ್ಮನ ಎರಡನೇ ಮಗಳೂ ಜೇಲಿಗೆ ಹೋದ್ಲು." ಅವನು ಕೈ ಝಾಡಿಸಿದ, ಹನಿಗಳು ಹೊಸ್ತಿಲ ಆಚೆ ಇಟ್ಟಿಗೆಯ ಮೇಲೆ ಬಿದ್ದವು. "ನಾಳೆ ಮುಂಜಾನೆ ಲಿಂಗಸುಗೂರಿಗೆ ನಾ ಜೀಪಿನಾಗ ಹೊಂಟೀನಿ. ಈ ಹುಡುಗಿನ್ನ ನೀವು ಬಸ್ಸಿನಾಗ ಕರಕೊಂಡು ಬರತೀರೋ, ನಾನ ಕರಕೊಂಡು ಹೋಗಲೋ?"